ಕಡತ: ಮಸಿ ಬಳಿದ ಬಟ್ಟೆಯಿಂದ ಬಂದ ಮಾತು

ತಾಲ್ಲೂಕು ಕಚೇರಿಯಿಂದ ಬರುವ ಯಾವ ಪತ್ರವನ್ನೇ ತೆಗೆದು ನೋಡಿದರೂ ಅದರಲ್ಲಿ ‘ಕಡತ’ ಎಂಬ ಪದ ಒಂದೆರಡು ಕಡೆಯಾದರೂ ಇದ್ದೇ ಇರುತ್ತದೆ. ಕಡತವನ್ನು ಮಂಡಿಸಲಾಗಿದೆ, ಕಡತವನ್ನು ಮೇಲಧಿಕಾರಿಗಳ ಅವಗಾಹನೆಗೆ ಕಳುಹಿಸಲಾಗಿದೆ, ಕಡತ ವಿಲೇವಾರಿಗೆ ಬಾಕಿಯಿದೆ ಎಂದು ಅಲ್ಲಿ ಬರೆದಿರುತ್ತದೆ. ಮಾತಿನಲ್ಲಿ ‘ಫೈಲು’ ಎನ್ನುವವರೇ ಹೆಚ್ಚಾದರೂ, ಲೇಖನಿ ಕೈಗೆ ಬಂದ ಕೂಡಲೇ ಅದೇ ಗುಮಾಸ್ತರು ‘ಕಡತ’ ಎಂದೇ ಬರೆಯುತ್ತಾರೆ. ಈ ಕಾರಣಕ್ಕೇ ಅನೇಕರು ಇದನ್ನು ಆಡಳಿತ ಭಾಷೆಗಾಗಿ ಯಾರೋ ಕುಳಿತು ಕಟ್ಟಿದ ಪದವೆಂದೂ, ಇಂಗ್ಲಿಷಿನ ಮಾತಿಗೆ ಹುಡುಕಿದ ಸಮಾನಾರ್ಥಕವೆಂದೂ ನಂಬಿದ್ದಾರೆ. ಈ ನಂಬಿಕೆಯನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಕಡತ ಎಂಬುದು ಕೈಯಲ್ಲಿ ಹಿಡಿಯಬಹುದಾದ, ಮಡಿಸಬಹುದಾದ, ಬರೆದು ಅಳಿಸಬಹುದಾದ ಒಂದು ನಿಜವಾದ ವಸ್ತುವಿನ ಹೆಸರಾಗಿತ್ತು. ಆ ವಸ್ತು ಕನ್ನಡ ನಾಡಿನ ಅಂಗಡಿ, ಮಠ, ಅರಮನೆಗಳಲ್ಲಿ ಶತಮಾನಗಳ ಕಾಲ ದಿನನಿತ್ಯದ ಬಳಕೆಯಲ್ಲಿತ್ತು.

ಕಡತವೆಂದರೆ ಮೂಲದಲ್ಲಿ ಬಟ್ಟೆ. ಉದ್ದನೆಯ ಹತ್ತಿ ಬಟ್ಟೆಯ ಎರಡೂ ಬದಿಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಒಣಗಿಸಿದರೆ ಅದು ಬಿರುಸಾಗಿ, ಕಪ್ಪು ಹಲಗೆಯಂತಾಗುತ್ತದೆ. ಹೀಗೆ ಒಣಗಿದ ಬಟ್ಟೆಯನ್ನು ಕತ್ತರಿಸದೆ, ಒಮ್ಮೆ ಹಿಂದಕ್ಕೆ ಒಮ್ಮೆ ಮುಂದಕ್ಕೆ ಸಮನಾಗಿ ಮಡಿಸುತ್ತ ಹೋದರೆ ಪುಸ್ತಕದ ಆಕಾರ ಬರುತ್ತದೆ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಕಪ್ಪಿನ ಮೇಲೆ ಬಿಳಿ ಅಕ್ಷರ ಸ್ಪಷ್ಟವಾಗಿ ಕಾಣುತ್ತಿತ್ತು. ಬೇಡವಾದುದನ್ನು ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದಾಗಿತ್ತು.

ಇದರ ಅತ್ಯಂತ ನಿಖರವಾದ ವರ್ಣನೆಯನ್ನು ಬಿಟ್ಟುಹೋದವನು ಮಾರ್ಕ್ ವಿಲ್ಕ್ಸ್. ಶ್ರೀರಂಗಪಟ್ಟಣ ಪತನವಾದ ಕೆಲವೇ ವರ್ಷಗಳ ನಂತರ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಈತ, 1810ರಲ್ಲಿ ಮೊದಲ ಸಂಪುಟ ಹೊರಬಂದ ತನ್ನ ಮೈಸೂರು ಇತಿಹಾಸದಲ್ಲಿ ಕಡತದ ಅಳತೆಯನ್ನು ಕೂಡ ಕೊಟ್ಟಿದ್ದಾನೆ. ಅವನು ಕಂಡ ಕಡತಗಳ ಬಟ್ಟೆ 8 ಅಂಗುಲದಿಂದ ಒಂದು ಅಡಿಯವರೆಗೆ ಅಗಲವಾಗಿಯೂ, 12ರಿಂದ 18 ಅಡಿಯಷ್ಟು ಉದ್ದವಾಗಿಯೂ ಇತ್ತು. ಉಳ್ಳವರು ಕೊನೆಯ ಎರಡು ಮಡಿಕೆಗಳಿಗೆ ಬಣ್ಣ ಬಳಿದು ಮೆರುಗು ಕೊಟ್ಟ ಮರದ ಹಲಗೆಗಳನ್ನು ಕೂಡಿಸಿ, ಇಡೀ ಕಡತವನ್ನು ರೇಷ್ಮೆಯ ಅಥವಾ ಹತ್ತಿಯ ಚೀಲದಲ್ಲಿ ಇಡುತ್ತಿದ್ದರು ಇಲ್ಲವೇ ಪಟ್ಟಿಯಿಂದ ಕಟ್ಟುತ್ತಿದ್ದರು. ಸಾಮಾನ್ಯರ ಕಡತಕ್ಕೆ ಹಲಗೆಯೂ ಇರಲಿಲ್ಲ, ಚೀಲವೂ ಇರಲಿಲ್ಲ, ಬರೀ ದಾರದ ಕಟ್ಟು. ಅದನ್ನು ಯಾವ ತುದಿಯಿಂದ ಬೇಕಾದರೂ ಬಿಚ್ಚಬಹುದಿತ್ತು, ಪೂರ್ತಿ ಬಿಚ್ಚಿ ಎಳೆದರೆ ಮತ್ತೆ ಮೊದಲಿನ ಉದ್ದನೆಯ ಬಟ್ಟೆಯೇ ಆಗುತ್ತಿತ್ತು ಎಂದು ಅವನು ಬರೆಯುತ್ತಾನೆ. ಮೈಸೂರಿನ ವರ್ತಕರೂ ಅಂಗಡಿಕಾರರೂ ಆಗಲೂ ಎಲ್ಲೆಡೆ ಕಡತವನ್ನೇ ಬಳಸುತ್ತಿದ್ದರೆಂಬುದು ಅವನ ಮಾತು.

ಓದಿ ತಿಳಿದದ್ದು ಸಾಲದೆನಿಸಿ, ಒಮ್ಮೆ ನಾನು ಮನೆಯಲ್ಲಿ ಒಂದು ಮೊಳ ಖಾದಿ ಬಟ್ಟೆಯ ಮೇಲೆ ಇದನ್ನು ಮಾಡಿ ನೋಡಿದೆ. ಹುಣಸೆ ಬೀಜವನ್ನು ಹುರಿದು, ಮೇಲಿನ ಕಂದು ಸಿಪ್ಪೆ ಬಿಡಿಸಿ, ರಾತ್ರಿಯೆಲ್ಲ ನೆನೆಸಿ, ಒರಳಿನಲ್ಲಿ ರುಬ್ಬಿ, ನೀರು ಬೆರೆಸಿ ಕುದಿಸಿದಾಗ ಕೈಗೆ ಅಂಟುವ ಗಂಜಿಯಾಯಿತು. ಕಂಬಳಿ ನೇಯುವವರು ಉಣ್ಣೆಯ ಎಳೆ ಬಿಗಿಯಾಗಲೆಂದು ಹಾಕುವ ಗಂಜಿಯೂ, ಕಿನ್ನಾಳದ ಗೊಂಬೆ ಮಾಡುವವರ ಅಂಟೂ ಇದೇ ಹುಣಸೆ ಬೀಜದ್ದು. ಮೊದಲ ಬಳಿತ ನೇಯ್ಗೆಯೊಳಗೆ ಇಂಗಿಹೋಯಿತು. ಅವಸರಪಟ್ಟು ಎರಡನೆಯದನ್ನು ದಪ್ಪವಾಗಿ ಬಳಿದದ್ದರಿಂದ ಮಡಿಸುವಾಗ ಮಡಿಕೆಯ ಗೆರೆಯುದ್ದಕ್ಕೂ ಬಿರುಕು ಬಿಟ್ಟಿತು. ಇನ್ನೊಂದು ತುಂಡಿಗೆ ತೆಳುವಾಗಿ ಬಳಿದು, ಪೂರ್ತಿ ಒಣಗಿದ ಮೇಲೆ ಮತ್ತೆ ತೆಳುವಾಗಿ ಬಳಿಯುತ್ತ ಹೋದಾಗ ಮಾತ್ರ ಅದು ಬಾಗುವಷ್ಟು ಮೆತ್ತಗೂ ಬರೆಯುವಷ್ಟು ಗಟ್ಟಿಯಾಗಿಯೂ ಉಳಿಯಿತು. ಇದ್ದಿಲನ್ನು ವಸ್ತ್ರಗಾಳಿತ ಮಾಡದೆ ಹಾಕಿದ್ದ ಕಡೆ ಬಳಪ ತಡವರಿಸುತ್ತಿತ್ತು. ಕಡತ ಮಾಡುವುದು ಸಾಧಾರಣ ಕೆಲಸವಲ್ಲ, ಅದಕ್ಕೆ ಪಳಗಿದ ಕೈ ಬೇಕಾಗಿತ್ತು ಎಂಬುದು ಆ ಬಿರುಕು ಬಿಟ್ಟ ತುಂಡನ್ನು ನೋಡಿದಾಗ ನನಗೆ ಅರ್ಥವಾಯಿತು.

ಬಳಪದ ವಿಷಯವನ್ನೂ ಇಲ್ಲಿ ಹೇಳಬೇಕು. ಬಳಪ ಎಂಬುದು ಮೊದಲಿಗೆ ಒಂದು ಕಲ್ಲಿನ ಹೆಸರು, ಬರೆಯುವ ಕಡ್ಡಿಗೆ ಆ ಹೆಸರು ಬಂದದ್ದು ಕಲ್ಲಿನಿಂದ. ಉಗುರಿನಿಂದ ಗೀರಿದರೂ ಪುಡಿಯಾಗುವಷ್ಟು ಮೃದುವಾದ, ಮುಟ್ಟಿದರೆ ಸಾಬೂನಿನಂತೆ ನುಣುಪಾದ ಈ ಕಲ್ಲಿನ ಬಳಗದ್ದೇ ಆದ, ಅದಕ್ಕಿಂತ ಗಟ್ಟಿಯಾದ ಶಿಲೆಯಿಂದ ಬೇಲೂರು, ಹಳೇಬೀಡುಗಳ ಹೊಯ್ಸಳ ಗುಡಿಗಳನ್ನು ಕಟ್ಟಿದರು. ಆ ಶಿಲೆಗೂ ನಮ್ಮ ಜನ ಬಳಪದ ಕಲ್ಲು ಎಂದೇ ಹೇಳುತ್ತಾರೆ. ಶಿಲ್ಪಿಯ ಉಳಿಗೆ ಒದಗಿದ ಕಲ್ಲಿನ ಹೆಸರೇ ಶಾನುಭೋಗನ ಬೆರಳ ನಡುವಿನ ಕಡ್ಡಿಗೂ ಇತ್ತೆಂಬುದು ನನಗೆ ಬಹಳ ಪ್ರಿಯವಾದ ಸಂಗತಿ.

ಇನ್ನು ಪದದ ಕಡೆಗೆ ಬರೋಣ. ಹಳೆಯ ರೂಪ ‘ಕಡಿತ’. ನಡುವಿನ ಇಕಾರ ಸವೆದು ಅಕಾರವಾಗಿ ‘ಕಡತ’ವಾಯಿತು. ಇದು ಕನ್ನಡದಲ್ಲಿ ಹೊಸತೇನಲ್ಲ, ಕಡತಕ್ಕೆ ಅಂಟು ಕೊಟ್ಟ ಹುಣಸೆಯೇ ಇದಕ್ಕೆ ಉದಾಹರಣೆ, ‘ಹುಣಿಸೆ’ ಎಂಬುದೇ ಬಾಯಲ್ಲಿ ‘ಹುಣಸೆ’ಯಾದದ್ದು. ‘ಕಡಿತ’ ಎಂಬ ರೂಪವನ್ನು ಕಂಡೊಡನೆ ಕಡಿ ಎಂಬ ಧಾತುವಿಗೆ ಅದನ್ನು ಜೋಡಿಸುವ ಆಸೆ ಯಾರಿಗಾದರೂ ಆಗುತ್ತದೆ; ವೇತನ ಕಡಿತ, ವಿದ್ಯುತ್ ಕಡಿತ, ಹಾವಿನ ಕಡಿತ ಎಂದೆಲ್ಲ ನಾವು ದಿನವೂ ಹೇಳುತ್ತೇವಲ್ಲ. ನನಗೆ ಆ ಜೋಡಣೆ ಒಪ್ಪಿಗೆಯಾಗುವುದಿಲ್ಲ. ಕಡತದ ಲಕ್ಷಣವೇ ಅದನ್ನು ಕಡಿಯದೆ ಮಡಿಸುವುದು. ಹಾಳೆ ಹಾಳೆಯಾಗಿ ಕತ್ತರಿಸಿ ಹೊಲಿದಿದ್ದರೆ ಅದು ಕಡತವಾಗುತ್ತಲೇ ಇರಲಿಲ್ಲ. ಕತ್ತರಿಸುವ ಕಡಿತ, ಬರೆಯುವ ಕಡಿತ ಎಂಬ ಎರಡು ಪದಗಳು ಒಂದೇ ರೂಪದಲ್ಲಿ ಬಹುಕಾಲ ಬದುಕಿದ್ದು, ಮುಂದೆ ಎರಡನೆಯದು ‘ಕಡತ’ವಾಗಿ ಬೇರೆಯಾದದ್ದು ಬರೆಯುವವರಿಗೆ ಅನುಕೂಲವೇ ಆಯಿತು.

ಈ ಪದದ ವಯಸ್ಸನ್ನು ತಿಳಿಯಲು ಶಾಸನಗಳನ್ನು ನೋಡಬೇಕು. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ‘ಕಡಿತವೆರ್ಗಡೆ’ ಎಂಬ ಅಧಿಕಾರಿಯ ಹೆಸರು ಬರುತ್ತದೆ. ಪೆರ್ಗಡೆ ಎಂದರೆ ಮೇಲ್ವಿಚಾರಕ, ಮುಖ್ಯಸ್ಥ. ಈ ಮಾತೇ ಮುಂದೆ ಹೆಗ್ಗಡೆಯಾಗಿ, ಹೆಗಡೆಯಾಗಿ ಇಂದು ಮನೆತನದ ಹೆಸರಾಗಿ ಉಳಿದಿದೆ. ಸಮಾಸದಲ್ಲಿ ಪಕಾರ ವಕಾರವಾಗಿ ‘ಕಡಿತವೆರ್ಗಡೆ’ಯಾದ ಈ ಅಧಿಕಾರಿ, ಅರಸೊತ್ತಿಗೆಯ ಲೆಕ್ಕಪತ್ರ ಮತ್ತು ದಾಖಲೆಗಳ ಮೇಲ್ವಿಚಾರಣೆ ನಡೆಸುತ್ತಿದ್ದವನು. ಕಲ್ಯಾಣ ಚಾಲುಕ್ಯರ ಆಳ್ವಿಕೆ ಹತ್ತನೆಯ ಶತಮಾನದ ಕೊನೆಯಿಂದ ಹನ್ನೆರಡನೆಯ ಶತಮಾನದವರೆಗೆ ನಡೆದದ್ದು. ಎಂದರೆ ಎಂಟುನೂರು ವರ್ಷಗಳಿಗೂ ಹಿಂದೆಯೇ ‘ಕಡಿತ’ ಎಂಬ ಪದ ಬರೀ ಕಪ್ಪು ಬಟ್ಟೆಯನ್ನು ಮಾತ್ರ ಹೇಳುತ್ತಿರಲಿಲ್ಲ, ಆ ಬಟ್ಟೆಯ ಮೇಲೆ ಬರೆದಿಟ್ಟ ರಾಜ್ಯದ ದಾಖಲೆಯನ್ನೂ, ಆ ದಾಖಲೆಗಾಗಿ ಇದ್ದ ಇಲಾಖೆಯನ್ನೂ ಹೇಳುತ್ತಿತ್ತು. ಬಟ್ಟೆಗೆ ಅಂಟಿದ್ದ ಪದವನ್ನು ಇಂದಿನವರು ಬಲವಂತವಾಗಿ ಸರ್ಕಾರದ ಕಾಗದಗಳಿಗೆ ಹೊದಿಸಿದ್ದಾರೆಂಬ ಆಕ್ಷೇಪಕ್ಕೆ ಈ ಒಂದು ಹುದ್ದೆಯ ಹೆಸರೇ ಉತ್ತರ. ವಿಧಾನಸೌಧದ ಬರಹಗಾರರು ‘ಕಡತ’ ಎಂದು ಬರೆಯುವಾಗ, ತಿಳಿದೋ ತಿಳಿಯದೆಯೋ, ಕಲ್ಯಾಣದ ಅರಮನೆಯಲ್ಲಿ ಸಲ್ಲುತ್ತಿದ್ದ ಅರ್ಥದಲ್ಲಿಯೇ ಬರೆಯುತ್ತಿದ್ದಾರೆ.

ಪದ ನಮ್ಮಲ್ಲಿ ಮಾತ್ರ ಇರುವುದಲ್ಲ. ತೆಲುಗಿನಲ್ಲಿ ‘ಕಡಿತಮು’ ಇದೇ ಮಸಿ ಬಳಿದ ಬಟ್ಟೆಯ ಪುಸ್ತಕ. ತಮಿಳಿನಲ್ಲಿ ಇದೇ ಪದ ‘ಕಡಿದಂ’ ಎಂದಾಗಿ, ಇಂದು ಅದರ ಅರ್ಥ ಕಾಗದ, ಒಬ್ಬರು ಇನ್ನೊಬ್ಬರಿಗೆ ಬರೆಯುವ ಓಲೆ. ಬೆಂಗಳೂರಿನಿಂದ ಹೊಸೂರಿಗೆ ಹೋಗುವಷ್ಟರಲ್ಲಿ ಒಂದೇ ಪದ ಕಚೇರಿಯ ಕಪಾಟಿನಿಂದ ಇಳಿದು ಅಂಚೆಯವನ ಚೀಲಕ್ಕೆ ಸೇರಿಬಿಡುತ್ತದೆ. ವಸ್ತು ಒಂದೇ ಆಗಿದ್ದೂ ಅರ್ಥ ಕವಲೊಡೆದದ್ದು ಏಕೆಂದು ಯೋಚಿಸಿದರೆ, ಯಾರ ಕೈಯಲ್ಲಿ ಅದು ಹೆಚ್ಚಾಗಿ ಓಡಾಡಿತೋ ಅವರ ಕೆಲಸದ ಬಣ್ಣ ಪದಕ್ಕೆ ಹತ್ತಿದೆ ಎಂದು ನನಗೆ ಅನ್ನಿಸುತ್ತದೆ. ಕನ್ನಡದಲ್ಲಿ ಕಾಗದಪತ್ರಕ್ಕೆ ‘ಓಲೆ’ ಎಂಬ ಮಾತು ಮೊದಲೇ ಗಟ್ಟಿಯಾಗಿ ನೆಲೆಸಿತ್ತು. ತಾಳೆಯ ಗರಿಯೇ ಪತ್ರವಾಗಿ, ಅದನ್ನು ಒಯ್ಯುವವನು ಓಲೆಕಾರನಾಗಿ, ಮದುವೆಯ ಕರೆಯೋಲೆಯವರೆಗೂ ಅದು ಬಂದಿದೆ. ಹಾಗಾಗಿ ಕಡತ ಕಳುಹಿಸುವ ಬರಹವಾಗದೆ ಇಟ್ಟುಕೊಳ್ಳುವ ಬರಹವಾಗಿಯೇ ನಿಂತಿತು. ವರ್ತಕನ ಸಾಲದ ಲೆಕ್ಕ, ಮಠದ ಆಯವ್ಯಯ, ಊರಿನ ಕಂದಾಯ ಇವು ಯಾವುವೂ ಊರು ಬಿಟ್ಟು ಹೋಗುವ ಬರಹಗಳಲ್ಲ.

ಬರೆಯುವ ವಸ್ತುವಿನ ಹೆಸರು ಬರಹದ ಹೆಸರಾಗುವುದು ಲೋಕದ ಎಲ್ಲ ಕಡೆ ನಡೆದಿದೆ. ಸಂಸ್ಕೃತದ ಪತ್ರ ಎಂದರೆ ಎಲೆ. ಪಾರಸಿಯಿಂದ ನಮಗೆ ಬಂದ ದಫ್ತರ ಎಂಬ ಪದದ ಹಿಂದೆ ಚರ್ಮ ಎಂಬ ಅರ್ಥದ ಗ್ರೀಕ್ ಪದವಿದೆ. ಚರ್ಮದ ಹಾಳೆ ಲೆಕ್ಕದ ಕಟ್ಟಾಗಿ, ಲೆಕ್ಕದ ಕಟ್ಟು ಕಚೇರಿಯೇ ಆಯಿತು. ಫ್ರಾನ್ಸಿನಲ್ಲಿ ಮೇಜಿನ ಮೇಲೆ ಹಾಸುತ್ತಿದ್ದ ಒರಟು ಉಣ್ಣೆ ಬಟ್ಟೆಯ ಹೆಸರು ಮೊದಲು ಮೇಜಿಗೂ ನಂತರ ಕಚೇರಿಗೂ ಬಂದು ‘ಬ್ಯೂರೋ’ ಹುಟ್ಟಿತು. ‘ಫೈಲು’ ಕೂಡ ಲ್ಯಾಟಿನ್ನಿನಲ್ಲಿ ದಾರ ಎಂಬ ಅರ್ಥದ ಪದದಿಂದ ಬಂದದ್ದು, ಕಾಗದಗಳನ್ನು ದಾರಕ್ಕೆ ಪೋಣಿಸಿ ಇಡುತ್ತಿದ್ದುದರಿಂದ. ಫೈಲಿಗೆ ಕಡತ ಎಂದಾಗ ದಾರದ ಪದಕ್ಕೆ ಬಟ್ಟೆಯ ಪದ ಬಂದು ಕೂತಿತು. ಹತ್ತಿಯ ನಾಡಿಗೆ ಅದು ಹೊಂದಿಕೆಯಾದದ್ದೇ.

ಬಟ್ಟೆಯ ಮೇಲೆ ಬರೆಯುವ ರೂಢಿ ಭಾರತದಲ್ಲಿ ಬಹಳ ಹಿಂದಿನದು. ಅಲೆಗ್ಸಾಂಡರನ ನೌಕಾಪಡೆಯನ್ನು ಸಿಂಧೂ ನದಿಯಿಂದ ಕೊಂಡೊಯ್ದ ನಿಯಾರ್ಕಸ್, ಇಲ್ಲಿಯ ಜನ ಒತ್ತಾಗಿ ನೇಯ್ದ ಬಟ್ಟೆಯ ಮೇಲೆ ಪತ್ರ ಬರೆಯುತ್ತಾರೆಂದು ಹೇಳಿದ್ದನ್ನು ಗ್ರೀಕ್ ಭೂಗೋಳಕಾರ ಸ್ಟ್ರಾಬೋ ದಾಖಲಿಸಿದ್ದಾನೆ. ಅರಸನು ಭೂದಾನವನ್ನು ಪಟದ ಮೇಲಾಗಲಿ ತಾಮ್ರದ ತಗಡಿನ ಮೇಲಾಗಲಿ ಬರೆಯಿಸಬೇಕೆಂದು ಯಾಜ್ಞವಲ್ಕ್ಯ ಸ್ಮೃತಿ ವಿಧಿಸುತ್ತದೆ. ಪಟ ಎಂದರೆ ಬಟ್ಟೆ. ನಿಯಾರ್ಕಸ್ ಕಂಡ ಬಟ್ಟೆಯೇ ಕಡತವಿರಬೇಕೆಂದು ವಿಲ್ಕ್ಸ್ ಊಹಿಸಿದ. ಗಂಜಿ ಹಾಕಿ ಉಜ್ಜಿದ ಬಿಳಿ ಬಟ್ಟೆಯ ಮೇಲೆ ಶಾಯಿಯಲ್ಲಿ ಬರೆಯುವುದೂ ಇದ್ದದ್ದರಿಂದ ಆ ಊಹೆಯನ್ನು ನಾನು ಅಷ್ಟು ದೂರ ಎಳೆಯಲಾರೆ.

ಇಲ್ಲಿ ಒಂದು ಪ್ರಶ್ನೆ ಯಾರಿಗಾದರೂ ಏಳಬೇಕು. ಒರೆಸಿದರೆ ಹೋಗುವ ಬರಹವನ್ನು ನಂಬಿ ಜನ ಸಾಲವನ್ನೂ ಕಂದಾಯವನ್ನೂ ಹೇಗೆ ಬರೆದಿಟ್ಟರು? ಈ ಪ್ರಶ್ನೆ ಅಂದೂ ಎದ್ದಿತ್ತು. ಟಿಪ್ಪು ಸುಲ್ತಾನನು ಸರ್ಕಾರಿ ಲೆಕ್ಕಗಳಲ್ಲಿ ಕಡತದ ಬಳಕೆಯನ್ನು ನಿಷೇಧಿಸಿದ್ದನೆಂದು ವಿಲ್ಕ್ಸ್ ತಿಳಿಸುತ್ತಾನೆ. ಟಿಪ್ಪುವಿನ ಕಂದಾಯದ ನಿಯಮಾವಳಿಯನ್ನು 1792ರಲ್ಲಿ ಇಂಗ್ಲಿಷಿಗೆ ತಂದ ಕ್ರಿಸ್ಪ್, ಅಲ್ಲಿ ಬಂದ ಈ ಪದದ ಅರ್ಥ ತಿಳಿಯದೆ ಅದನ್ನು ತಾಳೆಗರಿ ಎಂದು ಊಹಿಸಿ ಅನುವಾದಿಸಿದ್ದ. ವಿಲ್ಕ್ಸ್ ಆ ತಪ್ಪನ್ನು ತಿದ್ದಿದ. ಆದರೆ ಅದೇ ವಿಲ್ಕ್ಸ್ ಇನ್ನೊಂದು ಮಾತನ್ನೂ ಹೇಳುತ್ತಾನೆ. ಅಳಿಸಲು ಬರುವುದೆಂಬ ದೋಷವಿದ್ದರೂ, ಕಲ್ಲು ಮತ್ತು ತಾಮ್ರವನ್ನು ಬಿಟ್ಟರೆ ಭಾರತದಲ್ಲಿ ಬರವಣಿಗೆಗೆ ಬಳಸುವ ಯಾವ ವಸ್ತುವಿಗಿಂತಲೂ, ಉತ್ತಮವಾದ ಕಾಗದದ ಮೇಲಿನ ಉತ್ತಮವಾದ ಬರಹಕ್ಕಿಂತಲೂ, ಕಡತವೇ ಹೆಚ್ಚು ಬಾಳಿಕೆಯದು ಎಂಬುದು ಅವನ ತೀರ್ಮಾನ. ಸಾಕ್ಷಿಗಳ ರುಜುವಿನೊಡನೆ ವರ್ತಕನೊಬ್ಬನ ಕಡತದಲ್ಲಿ ಬರೆದಿದ್ದ ಸಾಲಪತ್ರವನ್ನು ನ್ಯಾಯವಿಚಾರಣೆಯಲ್ಲಿ ಹಾಜರುಪಡಿಸಿ, ಅದನ್ನು ಪುರಾವೆಯೆಂದು ಸ್ವೀಕರಿಸಿದ್ದನ್ನು ತಾನೇ ಕಂಡಿದ್ದೇನೆಂದೂ ಅವನು ಬರೆದಿದ್ದಾನೆ.

ಈ ವಿರೋಧಾಭಾಸವನ್ನು ಬಿಡಿಸುವುದು ಕಷ್ಟವಲ್ಲ. ಇದ್ದಿಲು ಮಾಸುವ ಬಣ್ಣವಲ್ಲ. ಬಳಪದ ಪುಡಿಯೂ ಕಲ್ಲೇ ಆದ್ದರಿಂದ ಬಿಸಿಲಿಗಾಗಲಿ ಕಾಲಕ್ಕಾಗಲಿ ಬಣ್ಣಗೆಡುವುದಿಲ್ಲ. ಮಡಿಸಿಟ್ಟ ಕಡತದಲ್ಲಿ ಬರಹ ಮಡಿಕೆಯ ಒಳಗೆ ಭದ್ರವಾಗಿರುತ್ತದೆ. ತಾಳೆಗರಿಯ ಮೇಲೆ ಕಂಟವೆಂಬ ಕಬ್ಬಿಣದ ಕಡ್ಡಿಯಿಂದ ಕೊರೆದದ್ದು ಅಳಿಯದು ನಿಜ, ಆದರೆ ಎರಡು ಮೂರು ಬೆರಳಗಲದ ಗರಿಯಲ್ಲಿ ಜಮಾ ಒಂದು ಕಡೆ, ಖರ್ಚು ಒಂದು ಕಡೆ ಎಂದು ಅಂಕಣಗಳನ್ನು ಹಾಕಿ ಲೆಕ್ಕ ಬರೆಯುವುದು ಆಗದ ಮಾತು. ಕಾವ್ಯಕ್ಕೆ ಗರಿ ಒಪ್ಪುತ್ತದೆ. ಲೆಕ್ಕಕ್ಕೆ ಅಗಲ ಬೇಕು, ತಿದ್ದುಪಡಿಗೆ ಅವಕಾಶ ಬೇಕು. ದಿನದ ಬಾಕಿ ಮರುದಿನ ಬದಲಾಗುವ ಅಂಗಡಿಯಲ್ಲಿ ಅಳಿಸಿ ಬರೆಯುವ ಸೌಕರ್ಯ ದೋಷವಲ್ಲ, ಗುಣ. ಇನ್ನು ನಂಬಿಕೆಯ ಮಾತು. ಬರೆದವನು ಯಾರು, ಬರೆಯುವಾಗ ಎದುರಿಗೆ ಕುಳಿತವರು ಯಾರು ಎಂಬುದರ ಮೇಲೆ ಅದು ನಿಂತಿತ್ತೇ ಹೊರತು ಬರೀ ವಸ್ತುವಿನ ಮೇಲೆ ನಿಂತಿರಲಿಲ್ಲ. ಟಿಪ್ಪುವಿನ ಆಕ್ಷೇಪವೂ ಅಲ್ಲಗಳೆಯುವಂಥದ್ದಲ್ಲ. ಊರ ಲೆಕ್ಕ ಒಬ್ಬನೇ ಶಾನುಭೋಗನ ಕೈಯಲ್ಲಿ, ಅವನ ಮನೆಯಲ್ಲಿ, ಒರೆಸಬಹುದಾದ ಬಟ್ಟೆಯ ಮೇಲೆ ಇದ್ದಾಗ ಬಡ ರೈತನಿಗೆ ಅನ್ಯಾಯವಾಗಲು ದಾರಿಯಿತ್ತೆಂಬುದನ್ನು ಮರೆತು ಕಡತವನ್ನು ಹೊಗಳುವುದು ಸರಿಯಲ್ಲ.

ಕಡತಗಳ ದೊಡ್ಡ ಸಂಗ್ರಹವೊಂದು ಶೃಂಗೇರಿ ಮಠದಲ್ಲಿದೆ. ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು 1916ರಲ್ಲಿ ಅಲ್ಲಿಯ ದಾಖಲೆಗಳನ್ನು ಪರಿಶೀಲಿಸಿದಾಗ ಇನ್ನೂರು ಮುನ್ನೂರು ವರ್ಷ ಹಳೆಯದಾದ ನೂರಾರು ಕಡತಗಳು ಕಂಡುಬಂದವು. ಮಠದ ಲೆಕ್ಕಗಳು, ಕಲ್ಲಿನ ಮತ್ತು ತಾಮ್ರದ ಶಾಸನಗಳ ನಕಲುಗಳು, ಗುರುಪರಂಪರೆಯ ವಿವರಗಳು ಅವುಗಳಲ್ಲಿದ್ದವು. ಟಿಪ್ಪು ಸುಲ್ತಾನನು ಶೃಂಗೇರಿ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಯಿಸಿದ ಪತ್ರಗಳೂ ಬೆಳಕಿಗೆ ಬಂದದ್ದು ಅದೇ ವರ್ಷ. ಆ ಪತ್ರಗಳ ಬಗ್ಗೆ ಆಗಿನಿಂದ ಈಗಿನವರೆಗೆ ಎಷ್ಟೋ ಚರ್ಚೆ ನಡೆದಿದೆ. ಅವುಗಳ ಜೊತೆಗೇ ಹೊರಬಂದ ಕಡತಗಳ ವಿಷಯ ಇತಿಹಾಸಕಾರರ ವಲಯವನ್ನು ದಾಟಿ ಬರಲೇ ಇಲ್ಲ. ಯಾವ ಊರಿನಿಂದ ಎಷ್ಟು ಭತ್ತ ಬಂತು, ಯಾರಿಗೆ ಏನು ಸಂದಿತು ಎಂದು ಬರೆದಿಟ್ಟ ಬರಹಗಳಲ್ಲಿ ಸಾಮಾನ್ಯ ಜನರ ಬದುಕು ಎಷ್ಟಿರುತ್ತದೆಂಬುದನ್ನು ನೆನೆದಾಗ, ಈ ಉದಾಸೀನಕ್ಕಾಗಿ ಮನಸ್ಸು ನೋಯುತ್ತದೆ.

ಓದಲು ಅವು ಸುಲಭವಲ್ಲ ಎಂಬುದೂ ನಿಜ. ಬಹುಪಾಲು ಬರಹ ಕೈಯೆತ್ತದೆ ಅಕ್ಷರಕ್ಕೆ ಅಕ್ಷರ ಕೂಡಿಸುತ್ತ ಹೋಗುವ ಮೋಡಿಯಲ್ಲಿದೆ; ಅಚ್ಚಿನ ಕನ್ನಡಕ್ಕೆ ಪಳಗಿದ ಕಣ್ಣಿಗೆ ಅದು ಬೇರೆಯೇ ಲಿಪಿಯಂತೆ ಕಾಣುತ್ತದೆ. ಅಂಕಿಗಳ ಜೊತೆಗೆ ಹಾಗ, ವೀಸ, ಕಾಣಿ ಎಂಬ ಹಳೆಯ ಭಿನ್ನರಾಶಿಗಳು ಬರುತ್ತವೆ. ವೀಸವೆಂದರೆ ಹದಿನಾರರಲ್ಲಿ ಒಂದು ಪಾಲು, ಕಾಣಿಯೆಂದರೆ ಅರವತ್ತನಾಲ್ಕರಲ್ಲಿ ಒಂದು ಪಾಲು ಎಂಬುದು ಗೊತ್ತಿಲ್ಲದವರಿಗೆ ಒಂದು ಸಾಲಿನ ಲೆಕ್ಕವೂ ಕೂಡಿಬರುವುದಿಲ್ಲ. ಜೊತೆಗೆ, ಎರಡು ತುದಿಯಿಂದಲೂ ಬಿಚ್ಚಿಕೊಳ್ಳುವ, ಎರಡು ಬದಿಯಲ್ಲೂ ಬರೆದಿರುವ ಬಟ್ಟೆಯಲ್ಲಿ ಬರಹದ ಮೊದಲು ಎಲ್ಲಿ ಎಂಬುದನ್ನೇ ಮೊದಲು ಹುಡುಕಬೇಕಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಕಡತ ಬಳಕೆಯಲ್ಲಿತ್ತು. 1896ರಲ್ಲಿ ಭಾರತದ ಲಿಪಿಶಾಸ್ತ್ರವನ್ನು ಬರೆದ ಜರ್ಮನ್ ವಿದ್ವಾಂಸ ಬ್ಯೂಲರ್, ಕನ್ನಡ ವರ್ತಕರು ಇನ್ನೂ ತಮ್ಮ ವ್ಯಾಪಾರದ ಲೆಕ್ಕಕ್ಕೆ ಇದನ್ನು ಇಟ್ಟುಕೊಳ್ಳುತ್ತಾರೆಂದು ಹೇಳುತ್ತಾನೆ. ಆ ವೇಳೆಗಾಗಲೇ ಸರ್ಕಾರದ ಕೆಲಸಕ್ಕೆ ಅಚ್ಚಾದ ನಮೂನೆಗಳೂ ಕಾಗದದ ರಿಜಿಸ್ಟರುಗಳೂ ಬಂದಿದ್ದವು; ಅಂಗಡಿಗಳಿಗೆ ಕಿರ್ದಿ, ಖಾತೆ ಪುಸ್ತಕಗಳು ಬಂದವು. ಊರ ಲೆಕ್ಕವನ್ನು ವಂಶಪಾರಂಪರ್ಯವಾಗಿ ನೋಡಿಕೊಳ್ಳುತ್ತಿದ್ದ ಶಾನುಭೋಗಿಕೆಯೂ, 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದಾಗ ಕೊನೆಗೊಂಡಿತು. ಅದೇ 1963ರಲ್ಲಿ ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯೆಂದು ಸಾರಿದ ಕಾಯಿದೆಯೂ ಬಂತು. ಕಡತವನ್ನು ಕಂಡಿದ್ದ ಮನೆಗಳು ಲೆಕ್ಕದ ಕೆಲಸದಿಂದ ಹೊರಗಾದ ವರ್ಷವೇ, ಆ ಪದಕ್ಕೆ ಸರ್ಕಾರದ ಎಲ್ಲ ಕಚೇರಿಗಳ ಬಾಗಿಲು ತೆರೆಯಿತು.

ಇಂದು ಆ ಪದ ಕಾಗದವನ್ನೂ ದಾಟಿದೆ. ಗಣಕಯಂತ್ರದ ತಂತ್ರಾಂಶಗಳನ್ನು ಕನ್ನಡಕ್ಕೆ ತಂದವರು ಪರಿವಿಡಿಯ (ಮೆನುವಿನ) ಮೊದಲ ಪದವಾಗಿ ‘ಕಡತ’ವನ್ನೇ ಆರಿಸಿಕೊಂಡರು. ಕಡತ ತೆರೆ, ಕಡತ ಉಳಿಸು, ಕಡತ ಅಳಿಸು ಎಂದು ಪರದೆಯ ಮೇಲೆ ಓದುವಾಗ, ಈ ಆಯ್ಕೆ ಎಷ್ಟು ಸಮರ್ಪಕವಾದದ್ದೆಂದು ಪ್ರತಿ ಸಲವೂ ನನಗೆ ಅನ್ನಿಸುತ್ತದೆ. ರಟ್ಟಿನ ಹೊದಿಕೆಯ ನಡುವೆ ದಾರ ಕಟ್ಟಿದ ಕಾಗದಗಳಲ್ಲಿ ಒಮ್ಮೆ ಬರೆದದ್ದನ್ನು ಹೊಡೆದುಹಾಕಬಹುದು, ಗುರುತಿಲ್ಲದಂತೆ ತೆಗೆಯಲಾಗದು. ಕಪ್ಪು ಬಟ್ಟೆಯ ಕಡತದಲ್ಲಿ ಮಾತ್ರ ಬರೆದದ್ದನ್ನು ಒರೆಸಿ, ಅದೇ ಜಾಗದಲ್ಲಿ ಇನ್ನೊಂದನ್ನು ಬರೆದು, ಮತ್ತೆ ಮಡಿಸಿಡಬಹುದಿತ್ತು.